ಹೀಬ್ರೂ ಧರ್ಮಗ್ರಂಥಗಳಲ್ಲಿ ವೀರಲಕ್ಷಣ: ದಾವೀದನ ಮೂವತ್ತೇಳು ಮಂದಿ

೧. ಪೀಠಿಕೆ

ನಮ್ಮ ಆಲಂಕಾರಿಕರು ವೀರರಸವನ್ನು ನಿರೂಪಿಸುವಾಗ ಅದಕ್ಕೆ ಉತ್ಸಾಹವು ಸ್ಥಾಯಿಭಾವವೆಂದೂ ಉತ್ತಮಪ್ರಕೃತಿಯಾದ ಪುರುಷನು ಅದಕ್ಕೆ ಆಶ್ರಯನೆಂದೂ ಹೇಳಿರುವುದು ವಿದಿತವಾದ ಸಂಗತಿಯೇ ಆಗಿದೆ. ಭರತಮುನಿಯು ವೀರವನ್ನು ದಾನವೀರ, ಧರ್ಮವೀರ, ಯುದ್ಧವೀರ ಎಂದು ಮೂರು ಬಗೆಯಾಗಿ ವಿಭಾಗಿಸಿದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ದಯಾವೀರವನ್ನೂ ಕೂಡಿಸಿ ನಾಲ್ಕಾಗಿ ಎಣಿಸಿದನು. ಈ ವಿಭಾಗಗಳನ್ನು ಪಾಠಶಾಲೆಯಲ್ಲಿ ಓದಿ, ಬಳಿಕ ಓದಿಸಿಕೊಂಡು ಬಂದವರಿಗೆ ಅನ್ಯದೇಶದ ಪ್ರಾಚೀನ ಗ್ರಂಥಗಳನ್ನು ನೋಡುವಾಗ, ಅಲ್ಲಿ ಯಾರನ್ನು ವೀರರೆಂದು ಕರೆದರು, ಯಾವ ಗುಣವನ್ನು ಕಂಡು ಹಾಗೆ ಕರೆದರು ಎಂಬ ಜಿಜ್ಞಾಸೆಯು ಸಹಜವಾಗಿಯೇ ಹುಟ್ಟುವುದು.

ಪ್ರಾಚೀನ ಇಸ್ರಾಯೇಲ್ಯರ ಧರ್ಮಗ್ರಂಥಗಳಲ್ಲಿ ಈ ಜಿಜ್ಞಾಸೆಗೆ ಉತ್ತರವನ್ನು ಕೊಡತಕ್ಕ ಮುಖ್ಯವಾದ ಭಾಗವೊಂದುಂಟು. ಸಮುವೇಲನ ಎರಡನೆಯ ಗ್ರಂಥದ ೨೩ನೆಯ ಅಧ್ಯಾಯದ ಉತ್ತರಾರ್ಧದಲ್ಲಿ ದಾವೀದರಾಜನ ವೀರರ ಪಟ್ಟಿಯೊಂದಿದೆ. ಇದೇ ಪಟ್ಟಿಯು ಕೆಲವು ವ್ಯತ್ಯಾಸಗಳೊಡನೆ ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದ ೧೧ನೆಯ ಅಧ್ಯಾಯದಲ್ಲಿಯೂ ದೊರೆಯುತ್ತದೆ. ಸಾಮಾನ್ಯವಾಗಿ ಓದುವವರು ಇದನ್ನು ಹೆಸರುಗಳ ಒಣಪಟ್ಟಿಯೆಂದು ಭಾವಿಸಿ ದಾಟಿಹೋಗುವುದು ವಾಡಿಕೆ. ಆದರೆ ನಿಧಾನವಾಗಿ ನೋಡಿದಲ್ಲಿ ಇದು ವೀರಲಕ್ಷಣವನ್ನು ದೃಷ್ಟಾಂತಗಳಿಂದ ನಿರೂಪಿಸುವ ಪ್ರಕರಣವಾಗಿರುವುದಲ್ಲದೆ, ಆ ಲಕ್ಷಣದಿಂದ ರಾಜನನ್ನೇ ಅಳೆದುನೋಡುವ ಒರೆಗಲ್ಲೂ ಆಗಿದೆಯೆಂಬುದು ವ್ಯಕ್ತವಾಗುವುದು. ಇದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾಲದ ವಿಷಯವಾಗಿ ಒಂದು ಮಾತನ್ನು ಮೊದಲೇ ಹೇಳಬೇಕು. ದಾವೀದನ ಆಳಿಕೆಯನ್ನು ಸಾಮಾನ್ಯವಾಗಿ ಕ್ರಿ. ಪೂ. ೧೦೦೦ದ ಆಸುಪಾಸಿನಲ್ಲಿ ಇಡುವರು. ೧೯೯೩–೯೪ರಲ್ಲಿ ಉತ್ತರ ಇಸ್ರೇಲಿನ ತೇಲ್ ದಾನ್ ಎಂಬಲ್ಲಿ ದೊರೆತ ಅರಮೇಯ ಭಾಷೆಯ ಶಿಲಾಶಾಸನದ ತುಂಡುಗಳು ಕ್ರಿ. ಪೂ. ೯ನೆಯ ಶತಮಾನದವು. ಅವುಗಳಲ್ಲಿ ‘ದಾವೀದನ ಮನೆತನ’ ಎಂಬರ್ಥದ ಪದವಿರುವುದನ್ನು ಬಹುಮಂದಿ ವಿದ್ವಾಂಸರು ಒಪ್ಪಿರುವರು. ಗ್ರಂಥಗಳು ಇಂದಿನ ರೂಪವನ್ನು ತಳೆದುದು ಅದಕ್ಕಿಂತ ಈಚೆಗೆ. ಆದಕಾರಣ ಇಲ್ಲಿ ನಾವು ವಿಚಾರಮಾಡುವುದು ಗ್ರಂಥಕಾರನು ವೀರರನ್ನು ಯಾವ ದೃಷ್ಟಿಯಿಂದ ಕಂಡನೆಂಬುದನ್ನೇ ಹೊರತು, ಯಾವ ಯುದ್ಧವು ಯಾವ ವರ್ಷದಲ್ಲಿ ನಡೆಯಿತೆಂಬುದನ್ನಲ್ಲ.

೨. ಶಬ್ದವಿಚಾರ

ಹೀಬ್ರೂ ಭಾಷೆಯಲ್ಲಿ ವೀರನಿಗೆ ಹೆಚ್ಚಾಗಿ ಬಳಸುವ ಶಬ್ದವು ‘ಗಿಬ್ಬೋರ್’. ಇದರ ಬಹುವಚನ ‘ಗಿಬ್ಬೋರೀಮ್’. ಗ-ಬ-ರ ಎಂಬ ಮೂರು ವ್ಯಂಜನಗಳುಳ್ಳ ಧಾತುವಿಗೆ ಬಲಗೊಳ್ಳು, ಮೇಲುಗೈಯಾಗು ಎಂಬರ್ಥಗಳುಂಟು. ಪುರುಷನೆಂಬರ್ಥವುಳ್ಳ ‘ಗೆಬೆರ್’ ಎಂಬ ಶಬ್ದವೂ ಇದೇ ಧಾತುವಿನದು. ಗಿಬ್ಬೋರ್ ಎಂಬಲ್ಲಿ ನಡುವಣ ವ್ಯಂಜನವು ದ್ವಿತ್ವವನ್ನು ಪಡೆದು ಅತಿಶಯಾರ್ಥವನ್ನು ಕೊಡುತ್ತದೆ. ಪುರುಷರಲ್ಲಿ ಪುರುಷನೆಂದು ತಾತ್ಪರ್ಯ. ನಮ್ಮ ವೀರಶಬ್ದವೂ ವೇದದಲ್ಲಿ ಪುರುಷನೆಂಬರ್ಥದಲ್ಲಿ ಬಳಕೆಯಾಗಿ, ಶೂರನೆಂಬರ್ಥವನ್ನೂ ಹೊಂದಿರುವುದು ಇಲ್ಲಿ ಸ್ಮರಣಾರ್ಹ. ಎರಡೂ ಬೇರೆ ಬೇರೆ ಭಾಷಾವರ್ಗಗಳಿಗೆ ಸೇರಿದುವಾದ್ದರಿಂದ ಶಬ್ದಸಂಬಂಧವನ್ನು ಕಲ್ಪಿಸತಕ್ಕುದಿಲ್ಲ. ಅರ್ಥವು ಬೆಳೆದ ಬಗೆಯಲ್ಲಿ ಸಾದೃಶ್ಯವುಂಟೆಂದಷ್ಟೇ ಹೇಳಬಹುದು.

ಗಿಬ್ಬೋರ್ ಎಂಬುದು ತಾನಾಗಿ ಪ್ರಶಂಸೆಯ ಮಾತಲ್ಲವೆಂಬುದನ್ನು ಗಮನಿಸಬೇಕು. ಆದಿಕಾಂಡದಲ್ಲಿ ಜಲಪ್ರಳಯಕ್ಕೆ ಮುಂಚಿನ ಮಹಾಕಾಯರನ್ನೂ, ಬೇಟೆಗಾರನಾದ ನಿಮ್ರೋದನನ್ನೂ ಈ ಶಬ್ದದಿಂದಲೇ ಕರೆದಿದೆ. ದಾವೀದನ ಕೈಯಿಂದ ಮಡಿದ ಫಿಲಿಷ್ಟಿಯನಾದ ಗೊಲ್ಯಾತನೂ ತನ್ನವರಿಗೆ ಗಿಬ್ಬೋರನೇ. ಬಲವೆಂಬ ಸಾಮಾನ್ಯಧರ್ಮವನ್ನು ಮಾತ್ರ ಶಬ್ದವು ಹೇಳುತ್ತದೆ. ಆ ಬಲವು ಯಾತಕ್ಕೆ ಸಲ್ಲಿತು ಎಂಬುದನ್ನು ಕಥೆಯಿಂದಲೇ ತಿಳಿಯಬೇಕು.

ಇದರೊಡನೆ ‘ಹಯಿಲ್’ ಎಂಬ ಶಬ್ದವು ಸೇರಿ ‘ಗಿಬ್ಬೋರ್ ಹಯಿಲ್’ ಎಂದಾಗುವುದುಂಟು. ಹಯಿಲ್ ಎಂಬುದಕ್ಕೆ ಶಕ್ತಿ, ಸೈನ್ಯ, ಐಶ್ವರ್ಯ, ಯೋಗ್ಯತೆ ಎಂದು ನಾನಾರ್ಥಗಳುಂಟು. ಆದುದರಿಂದ ಯುದ್ಧವನ್ನೇ ಕಾಣದ ಬೇತ್ಲೆಹೇಮಿನ ಭೂಸ್ವಾಮಿಯಾದ ಬೋವಜನಿಗೂ ಈ ಬಿರುದು ಸಲ್ಲುತ್ತದೆ. ಅವನ ಹೊಲದಲ್ಲಿ ತೆನೆಯಾಯಲು ಬಂದ ವಿದೇಶೀಯ ವಿಧವೆಯಾದ ರೂತಳನ್ನು ಹಯಿಲ್ ಉಳ್ಳ ಸ್ತ್ರೀಯೆಂದು ಆ ಬೋವಜನೇ ಕರೆಯುತ್ತಾನೆ. ಶತ್ರುದೇಶದ ದಂಡನಾಯಕನೂ ಚರ್ಮರೋಗದಿಂದ ಪೀಡಿತನೂ ಆದ ನಾಮಾನನೂ ಗಿಬ್ಬೋರ್ ಹಯಿಲ್ ಎನಿಸಿಕೊಂಡವನು. ಮಿದ್ಯಾನ್ಯರ ಕಣ್ಣಿಗೆ ಬೀಳದಂತೆ ದ್ರಾಕ್ಷೆಯ ಆಲೆಯಲ್ಲಿ ಅಡಗಿ ಗೋದಿ ಬಡಿಯುತ್ತಿದ್ದ ಗಿದ್ಯೋನನನ್ನು ದೇವದೂತನು ಇದೇ ಮಾತಿನಿಂದ ಸಂಬೋಧಿಸುತ್ತಾನೆ. ಅವನಲ್ಲಿ ಆ ಗುಣವು ಆಗ ಕಾಣುತ್ತಿರಲಿಲ್ಲ. ಮುಂದೆ ಆಗತಕ್ಕುದನ್ನು ಸಂಬೋಧನೆಯು ಮೊದಲೇ ಸೂಚಿಸಿತು. ಕನ್ನಡದಲ್ಲಿ ಒಂದೇ ಪ್ರತಿಶಬ್ದದಿಂದ ಈ ಎಲ್ಲ ಪ್ರಯೋಗಗಳನ್ನೂ ನಿರ್ವಹಿಸುವುದು ಕಷ್ಟ. ರಣದಲ್ಲಿ ಪರಾಕ್ರಮಶಾಲಿಯೆಂದರೆ ಸಲ್ಲುವುದು. ರೂತಳಿಗೆ ಆ ಮಾತು ಹೊಂದದು, ಗುಣವತಿಯೆಂದೇ ಹೇಳಬೇಕಾಗುವುದು. ಆದರೆ ಹಾಗೆ ಹೇಳಿದೊಡನೆ ಯೋಧನಿಗೂ ಆ ಸ್ತ್ರೀಗೂ ಮೂಲದಲ್ಲಿರುವ ಸಮಾನಪದವು ಮರೆಯಾಗಿಬಿಡುತ್ತದೆ.

೩. ಗುಣಗಣನೆ

ಗುಣಗಳನ್ನು ಹೆಸರಿಸಿ ಹೇಳುವ ಸ್ಥಳಗಳೂ ಈ ಗ್ರಂಥಗಳಲ್ಲಿ ಇಲ್ಲದಿಲ್ಲ. ಸೌಲರಾಜನ ಸೇವಕನೊಬ್ಬನು ಯುವಕನಾದ ದಾವೀದನನ್ನು ರಾಜನಿಗೆ ಪರಿಚಯಮಾಡಿಕೊಡುವಲ್ಲಿ ಆರು ವಿಶೇಷಣಗಳನ್ನು ಹೇಳುತ್ತಾನೆ: ವಾದ್ಯನುಡಿಸಬಲ್ಲವನು, ಪರಾಕ್ರಮಿ, ಯುದ್ಧನಿಪುಣ, ಮಾತಿನಲ್ಲಿ ವಿವೇಕಿ, ಸುರೂಪಿ, ದೇವರ ಸಹಾಯವುಳ್ಳವನು. ದಶರೂಪಕಕಾರನು ನಾಯಕಗುಣಗಳನ್ನು ಎಣಿಸುವಾಗ ವಾಗ್ಮಿತೆ, ಪ್ರಿಯಂವದತೆಗಳನ್ನು ಸೇರಿಸಿರುವುದನ್ನು ಬಲ್ಲವರಿಗೆ ಇದು ಅಪೂರ್ವವೆನಿಸದು. ಬಾಹುಬಲವೊಂದರಿಂದಲೇ ವೀರನಾಗಲಾರನೆಂಬ ಅಭಿಪ್ರಾಯವು ಎರಡು ಕಡೆಗೂ ಸಮಾನ.

ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥದ ೧೨ನೆಯ ಅಧ್ಯಾಯವು ದಾವೀದನನ್ನು ಬಂದು ಸೇರಿದ ಕುಲಗಳನ್ನು ವರ್ಣಿಸುತ್ತದೆ. ಬೆನ್ಯಾಮೀನ್ ಕುಲದವರು ಎಡಗೈ ಬಲಗೈಗಳೆರಡರಿಂದಲೂ ಕವಣೆಗಲ್ಲನ್ನು ಬೀಸಬಲ್ಲವರು, ಬಾಣವನ್ನು ಬಿಡಬಲ್ಲವರು. ಗಾದ್ ಕುಲದವರು ಸಿಂಹಮುಖರು, ಬೆಟ್ಟದ ಜಿಂಕೆಗಳಂತೆ ವೇಗಶಾಲಿಗಳು. ವರ್ಷದ ಮೊದಲನೆಯ ತಿಂಗಳಲ್ಲಿ ಯೊರ್ದನ್ ನದಿಯು ದಡಮೀರಿ ಹರಿಯುತ್ತಿದ್ದಾಗಲೇ ಅದನ್ನು ದಾಟಿದವರು. ಇಸ್ಸಾಕಾರ್ ಕುಲದವರು ಕಾಲಗತಿಯನ್ನರಿತು ಜನರು ಮಾಡತಕ್ಕುದೇನೆಂದು ಹೇಳಬಲ್ಲವರು. ಜೆಬುಲೂನ್ ಕುಲದವರಿಗೆ ಕೊಟ್ಟ ವಿಶೇಷಣವು ಬಹಳ ಸ್ವಾರಸ್ಯವಾಗಿದೆ: ಅವರು ಎರಡು ಹೃದಯವಿಲ್ಲದವರು. ಹಸ್ತಕೌಶಲ, ವೇಗ, ಕಾಲಜ್ಞಾನ, ಏಕಮನಸ್ಸು ಎಂದು ಹೀಗೆ ಒಂದೊಂದು ಕುಲಕ್ಕೆ ಒಂದೊಂದು ಗುಣವು ಮುದ್ರೆಯಾಗಿ ನಿಂತಿದೆ.

ಇಲ್ಲಿ ಒಂದು ವಿಶೇಷವುಂಟು. ಆಯುಧಾಭರಣಗಳ ವಿಸ್ತಾರವಾದ ವರ್ಣನೆಯನ್ನು ಗ್ರಂಥಕಾರನು ತನ್ನ ಪಕ್ಷದ ವೀರರಿಗೆ ಕೊಡದೆ ಶತ್ರುವಿಗೆ ಕೊಟ್ಟಿರುವನು. ಗೊಲ್ಯಾತನ ತಾಮ್ರದ ಶಿರಸ್ತ್ರಾಣ, ೫೦೦೦ ಶೆಕೆಲ್ ತೂಕದ ಕವಚ, ೬೦೦ ಶೆಕೆಲ್ ತೂಕದ ಕಬ್ಬಿಣದ ಭರ್ಜಿಯ ಮೊನೆ, ಇವೆಲ್ಲವೂ ಲೆಕ್ಕಸಹಿತವಾಗಿ ವರ್ಣಿತವಾಗಿವೆ. ಅವನ ಎತ್ತರವು ಪ್ರಚಲಿತ ಹೀಬ್ರೂ ಪಾಠದಲ್ಲಿ ಆರು ಮೊಳ ಒಂದು ಗೇಣು. ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿಯೂ, ಮೃತಸಮುದ್ರದ ಬಳಿಯ ಕುಮ್ರಾನ್ ಗವಿಯಲ್ಲಿ ದೊರೆತ ಸಮುವೇಲಗ್ರಂಥದ ಹಸ್ತಪ್ರತಿಯಲ್ಲಿಯೂ ನಾಲ್ಕು ಮೊಳ ಒಂದು ಗೇಣು. ಹೇಗಿದ್ದರೂ ಆ ವರ್ಣನೆಯ ಭಾರವೆಲ್ಲವೂ ಒಂದು ಕವಣೆಗಲ್ಲಿನ ಮುಂದೆ ನಿಷ್ಫಲವಾಗುತ್ತದೆ. ವೀರತ್ವವು ಹೊರಗಿನ ಸಾಧನದಲ್ಲಿಲ್ಲವೆಂಬ ಸಿದ್ಧಾಂತವನ್ನು ಗ್ರಂಥಕಾರನು ಸೂತ್ರರೂಪವಾಗಿ ಹೇಳದೆ ವರ್ಣನೆಯ ಹಂಚಿಕೆಯಿಂದಲೇ ಧ್ವನಿಸಿರುವನು.

೪. ಮೂಲದ ಗುಂಪು

ದಾವೀದನ ವೀರರು ಎಲ್ಲಿಂದ ಬಂದವರು? ರಾಜಕುಮಾರರ ಗರಡಿಗಳಿಂದಲ್ಲ. ಸೌಲನ ಕೋಪಕ್ಕೆ ಗುರಿಯಾಗಿ ದಾವೀದನು ಅದುಲ್ಲಾಮಿನ ಗವಿಯಲ್ಲಿ ಅಡಗಿದ್ದಾಗ, ಕಷ್ಟಕ್ಕೆ ಸಿಕ್ಕಿದವರೂ ಸಾಲಗಾರರ ಬಾಧೆಗೊಳಗಾದವರೂ ಮನಸ್ಸು ಕಹಿಯಾದವರೂ ಸೇರಿ ಸುಮಾರು ೪೦೦ ಮಂದಿ ಅವನನ್ನು ಬಂದು ಕೂಡಿದರು. ಮುಂದೆ ಅವರು ೬೦೦ ಮಂದಿಯಾದರು. ನಮ್ಮ ಲಾಕ್ಷಣಿಕರು ವೀರಕ್ಕೆ ಉತ್ತಮಪ್ರಕೃತಿಯನ್ನು ಹೇಳಿದರು. ಇಲ್ಲಿ ಆ ಪ್ರಕೃತಿಯು ಕುಲದಿಂದ ಬಂದುದಲ್ಲ, ಕಷ್ಟದ ಸಹವಾಸದಲ್ಲಿ ಪಕ್ವವಾದುದು.

ಈ ಗುಂಪಿನಲ್ಲಿ ಬೆಳೆದ ಧರ್ಮವೊಂದನ್ನು ಇಲ್ಲಿಯೇ ಹೇಳಬೇಕು. ಚಿಕ್ಲಗನ್ನು ಸುಟ್ಟು ಸ್ತ್ರೀಬಾಲರನ್ನು ಸೆರೆಯೊಯ್ದ ಅಮಾಲೇಕ್ಯರನ್ನು ಬೆನ್ನಟ್ಟುವಾಗ ೨೦೦ ಮಂದಿ ಆಯಾಸದಿಂದ ಬೆಸೋರ್ ಹಳ್ಳವನ್ನು ದಾಟಲಾರದೆ ಸಾಮಾನುಗಳ ಬಳಿಯಲ್ಲಿ ಉಳಿದರು. ಜಯಿಸಿ ಬಂದ ೪೦೦ ಮಂದಿಯಲ್ಲಿ ಕೆಲವರು, ಉಳಿದವರಿಗೆ ಕೊಳ್ಳೆಯಲ್ಲಿ ಪಾಲಿಲ್ಲವೆಂದರು. ದಾವೀದನು ಅದನ್ನು ಒಪ್ಪದೆ, ಕಾದಿದವನಿಗೂ ಕಾಯ್ದವನಿಗೂ ಸಮಭಾಗವೆಂದು ವಿಧಿಸಿದನು. ಅದು ಇಸ್ರಾಯೇಲಿನಲ್ಲಿ ಕಟ್ಟಳೆಯಾಗಿ ನಿಂತಿತೆಂದು ಗ್ರಂಥವು ಹೇಳುತ್ತದೆ. ಬಳಲಿಕೆಯು ದೋಷವಲ್ಲ, ಬಳಲಿದವನು ತನ್ನ ಎಡೆಯನ್ನು ಕಾಯ್ದನಾದರೆ ಅವನೂ ಪಾಲುಗಾರನೇ ಎಂಬುದು ಇದರ ತಾತ್ಪರ್ಯ.

ಸಂಖ್ಯೆಯ ವಿಷಯದಲ್ಲಿಯೂ ಈ ಗ್ರಂಥಗಳ ನಿಲವು ಗಮನಾರ್ಹವಾದುದು. ಗಿದ್ಯೋನನ ೩೨,೦೦೦ ಮಂದಿಯಲ್ಲಿ ಅಂಜುವವರು ಮನೆಗೆ ಹೋಗಬಹುದೆಂದಾಗ ೨೨,೦೦೦ ಮಂದಿ ಹೊರಟುಹೋದರು. ಉಳಿದ ೧೦,೦೦೦ದಲ್ಲಿ ನೀರು ಕುಡಿಯುವ ರೀತಿಯನ್ನು ಪರೀಕ್ಷಿಸಿ ೩೦೦ ಮಂದಿಯನ್ನು ಮಾತ್ರ ಇಟ್ಟುಕೊಂಡರು. ಧರ್ಮೋಪದೇಶಕಾಂಡದ ೨೦ನೆಯ ಅಧ್ಯಾಯವು ಹೊಸ ಮನೆಯನ್ನು ಕಟ್ಟಿ ಪ್ರವೇಶಮಾಡದವನನ್ನೂ, ದ್ರಾಕ್ಷೆಯ ತೋಟವಿಟ್ಟು ಫಲವುಣ್ಣದವನನ್ನೂ, ನಿಶ್ಚಿತಾರ್ಥವಾಗಿ ವಿವಾಹವಾಗದವನನ್ನೂ, ಎದೆಗುಂದಿದವನನ್ನೂ ಯುದ್ಧದಿಂದ ಹಿಂದಕ್ಕೆ ಕಳುಹಿಸಬೇಕೆಂದು ವಿಧಿಸುತ್ತದೆ. ಹಿಂತಿರುಗುವುದಕ್ಕೆ ದಾರಿಯನ್ನು ತೆರೆದಿಟ್ಟ ಮೇಲೂ ಯಾರು ನಿಂತರೋ ಅವರೇ ವೀರರು.

೫. ಮೂವರು

ಇನ್ನು ಪ್ರಕೃತ ಪಟ್ಟಿಗೆ ಬರೋಣ. ಇದರಲ್ಲಿ ಮೊದಲು ಮೂವರು, ಆಮೇಲೆ ಅಬೀಷೈ ಮತ್ತು ಬೆನಾಯ ಎಂಬಿಬ್ಬರು, ಬಳಿಕ ಮೂವತ್ತುಮಂದಿಯ ತಂಡ ಎಂದು ಕ್ರಮವಿದೆ. ಹೀಬ್ರೂವಿನಲ್ಲಿ ಮೂರು, ಮೂವತ್ತು ಎಂಬ ಶಬ್ದಗಳೂ, ಸೇನಾಧಿಕಾರಿ ಎಂಬರ್ಥದ ‘ಶಾಲೀಶ್’ ಎಂಬುದೂ ರೂಪದಲ್ಲಿ ಬಹಳ ಹತ್ತಿರವಾಗಿರುವುದರಿಂದ ಲಿಪಿಕಾರರಿಗೆ ಭ್ರಾಂತಿಯುಂಟಾಗಿ ಪಾಠವು ಕೆಲವೆಡೆ ಕೆಟ್ಟಿದೆ. ಮೊದಲನೆಯವನ ಹೆಸರೂ ಸಂದಿಗ್ಧವೇ: ಸಮುವೇಲಗ್ರಂಥದಲ್ಲಿ ಯೋಷೇಬ್-ಬಷ್ಷೆಬೆತ್, ವೃತ್ತಾಂತದಲ್ಲಿ ಯಾಷೊಬ್ಬಾಮ್. ಮೂಲದಲ್ಲಿ ಇಷ್ಬಾಳನೆಂದಿದ್ದು, ಬಾಳನೆಂಬ ಅನ್ಯದೇವತೆಯ ಹೆಸರನ್ನು ಉಚ್ಚರಿಸಲೊಲ್ಲದ ಲಿಪಿಕಾರರು ಅದನ್ನು ಮಾರ್ಪಡಿಸಿದರೆಂದು ಅನೇಕ ಪಂಡಿತರ ಊಹೆ. ಇವನು ಕೊಂದವರ ಸಂಖ್ಯೆ ಒಂದು ಕಡೆ ೮೦೦, ಇನ್ನೊಂದು ಕಡೆ ೩೦೦. ಇವನ ವಿಷಯವಾಗಿ ಸಂಖ್ಯೆಯ ಹೊರತು ಬೇರೆ ಕಥೆಯಿಲ್ಲ.

ಎರಡನೆಯವನು ದೋದೋವಿನ ಮಗನಾದ ಎಲಿಯಾಜರನು. ಫಿಲಿಷ್ಟಿಯರು ಯುದ್ಧಕ್ಕೆ ನೆರೆದಾಗ ಇಸ್ರಾಯೇಲ್ಯರು ಹಿಮ್ಮೆಟ್ಟಿದರು. ಇವನೊಬ್ಬನು ನಿಂತು, ಕೈ ಸೋತು ಕತ್ತಿಗೆ ಅಂಟಿಕೊಳ್ಳುವವರೆಗೂ ಹೊಡೆದನು. ಜಯವಾದ ಮೇಲೆ ಜನರು ಅವನ ಹಿಂದೆ ತಿರುಗಿಬಂದರು. ಬಂದುದು ಕಾದುವುದಕ್ಕಲ್ಲ, ಸತ್ತವರ ಮೈಮೇಲಿನದನ್ನು ಸುಲಿಯುವುದಕ್ಕೆ ಮಾತ್ರ. ಸೋತ ಕೈ ಕತ್ತಿಯನ್ನು ಬಿಡಲಾರದೆ ಹೋಯಿತೆಂಬ ವರ್ಣನೆಯು ಗಾಢವಾದ ಸ್ವಭಾವೋಕ್ತಿ. ಶಕ್ತಿಯು ಮುಗಿದ ಮೇಲೂ ಉಳಿದುದು ಯಾವುದೋ ಅದನ್ನೇ ಇಲ್ಲಿ ಗ್ರಂಥಕಾರನು ತೋರಿಸಬಯಸಿರುವನು.

ಮೂರನೆಯವನು ಆಗೇಯನ ಮಗನಾದ ಶಮ್ಮನು. ಫಿಲಿಷ್ಟಿಯರು ಬಂದ ಸ್ಥಳದಲ್ಲಿ ಬೇಳೆಕಾಳಿನ, ಎಂದರೆ ಚನ್ನಂಗಿಯ, ಹೊಲವೊಂದಿತ್ತು. ಜನರು ಓಡಿಹೋದರು. ಶಮ್ಮನು ಹೊಲದ ನಡುವೆ ನಿಂತು ಅದನ್ನು ಉಳಿಸಿದನು. ಕಥೆ ಇಷ್ಟೇ. ಅವನು ಕಾಯ್ದುದು ಕೋಟೆಯಲ್ಲ, ಸಿಂಹಾಸನವಲ್ಲ, ದೇವರ ಮಂಜೂಷವಲ್ಲ. ಯಾರೋ ಒಕ್ಕಲಿಗನು ಬೆಳೆದ ಕಾಳಿನ ಹೊಲ. ವೃತ್ತಾಂತಕಾರನ ಪಾಠದಲ್ಲಿ ಈ ಹೊಲವು ಜವೆಯದು. ಶಮ್ಮನ ಹೆಸರು ಬಿಟ್ಟುಹೋಗಿ ಕಥೆಯು ಎಲಿಯಾಜರನ ಕಥೆಯೊಡನೆ ಕೂಡಿಕೊಂಡಿದೆ. ಬೆಳೆಯಾವುದಾದರೂ ಭಾವವು ಒಂದೇ: ರಕ್ಷಿಸತಕ್ಕ ವಸ್ತುವಿನ ಬೆಲೆಯಿಂದ ವೀರನ ಬೆಲೆಯು ನಿಶ್ಚಯವಾಗುವುದಿಲ್ಲ.

ಎರಡು ಕಥೆಗಳಲ್ಲಿಯೂ ಸಾಮಾನ್ಯವಾದ ಅಂಶವನ್ನು ಬೇರೆಯಾಗಿ ತೆಗೆದುನೋಡೋಣ. ಉಳಿದವರು ಹಿಂದೆಗೆದರು, ಇವನು ನಿಂತನು. ಭಗವದ್ಗೀತೆಯ ೧೮ನೆಯ ಅಧ್ಯಾಯದಲ್ಲಿ ಕ್ಷತ್ರಿಯನ ಸ್ವಭಾವಜವಾದ ಗುಣಗಳಲ್ಲಿ ಅಪಲಾಯನವೆಂಬುದು ಹೇಳಲ್ಪಟ್ಟಿದೆ, ಧೃತಿಯೂ ಅಲ್ಲಿದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ ಉತ್ಸಾಹವು ಸ್ಥಾಯಿ, ಧೃತಿಯು ಸಂಚಾರಿ. ಈ ಪಟ್ಟಿಯಲ್ಲಾದರೋ ಆ ಕ್ರಮವು ತಿರುಗಿದಂತೆ ಕಾಣುತ್ತದೆ. ಮುನ್ನುಗ್ಗುವ ಉತ್ಸಾಹವು ಬಂದು ಹೋಗುವುದು. ನಿಂತ ನೆಲವನ್ನು ಬಿಡದ ಧೃತಿಯೇ ಸ್ಥಾಯಿ. ಜಯವನ್ನು ಮಾತ್ರ ಗ್ರಂಥಕಾರನು ಎರಡು ಸಲವೂ ವೀರನಿಗೆ ಕೊಡದೆ ಯೆಹೋವನಿಗೇ ಕೊಡುತ್ತಾನೆ. ನಿಲ್ಲುವುದು ವೀರನ ಕರ್ಮ, ಫಲವು ಬೇರೊಬ್ಬನದು.

೬. ಬಾವಿಯ ನೀರು

ಪಟ್ಟಿಯ ನಡುವೆ ಬರುವ ಬೇತ್ಲೆಹೇಮಿನ ನೀರಿನ ಕಥೆಯು ಪ್ರಸಿದ್ಧವಾದುದು. ಸುಗ್ಗಿಯ ಕಾಲ; ದಾವೀದನು ಅದುಲ್ಲಾಮಿನ ಗವಿಯಲ್ಲಿದ್ದನು. ಫಿಲಿಷ್ಟಿಯರ ಪಾಳೆಯವು ರೆಫಾಯೀಮ್ ತಗ್ಗಿನಲ್ಲಿಯೂ, ಅವರ ಠಾಣೆಯು ಬೇತ್ಲೆಹೇಮಿನಲ್ಲಿಯೂ ಇತ್ತು. ತನ್ನ ಹುಟ್ಟೂರಿನ ಬಾಗಿಲ ಬಳಿಯ ಬಾವಿಯ ನೀರನ್ನು ಯಾರಾದರೂ ತಂದುಕೊಟ್ಟಾರೆಯೆ ಎಂದು ಅವನು ಹಂಬಲಿಸಿದನು. ಅದು ಅಪ್ಪಣೆಯಲ್ಲ; ಬಾಯಾರಿದವನ ಬಾಯಿಂದ ಬಂದ ಮಾತು. ಮೂವರು ವೀರರು ಶತ್ರುಗಳ ಪಾಳೆಯವನ್ನು ಭೇದಿಸಿ ಹೋಗಿ ನೀರನ್ನು ಸೇದಿ ತಂದರು. ದಾವೀದನು ಅದನ್ನು ಕುಡಿಯಲಿಲ್ಲ. ಪ್ರಾಣದ ಹಂಗನ್ನು ತೊರೆದು ಹೋದವರ ರಕ್ತವಿದು ಎಂದು ಹೇಳಿ ದೇವರಿಗೆ ಅರ್ಪಿತವಾಗಿ ನೆಲದ ಮೇಲೆ ಹೊಯ್ದನು.

ತಂದವರಿಗೆ ಇದು ತಿರಸ್ಕಾರವೆನಿಸಲಿಲ್ಲವೆ ಎಂದು ಕೆಲವರು ಶಂಕಿಸಬಹುದು. ಇಸ್ರಾಯೇಲ್ಯರ ಶಾಸ್ತ್ರದಲ್ಲಿ ರಕ್ತವು ಪ್ರಾಣದ ಆಶ್ರಯ; ಅದನ್ನು ಸೇವಿಸುವುದು ನಿಷಿದ್ಧ; ಕೊಂದ ಮೃಗದ ರಕ್ತವನ್ನೂ ನೆಲಕ್ಕೆ ಹೊಯ್ಯತಕ್ಕುದೆಂದು ವಿಧಿ. ಆ ವಿಧಿಯನ್ನು ದಾವೀದನು ನೀರಿಗೆ ಅನ್ವಯಿಸಿದನು. ನೀರು ರಕ್ತಕ್ಕೆ ಸಮವಾದಾಗ ತಂದವರ ಸಾಹಸವು ಯಜ್ಞಕ್ಕೆ ಸಮವಾಯಿತು. ಹೀಗೆ ವೀರರ ಗುಣವೂ ನಾಯಕನ ಗುಣವೂ ಒಂದಕ್ಕೊಂದು ಸರಿದೂಗುವ ಸ್ಥಳವಿದು: ಅವರು ಕೇಳದ ಆಜ್ಞೆಯನ್ನು ನಡೆಸಿದರು, ಅವನು ಅವರ ಪ್ರಾಣವನ್ನು ತನ್ನ ಬಾಯಾರಿಕೆಗೆ ವಿನಿಯೋಗಿಸಲೊಲ್ಲದೆ ಹೋದನು. ಓದುಗರು ಈ ತಕ್ಕಡಿಯನ್ನು ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

೭. ಬೆನಾಯ ಮತ್ತು ಯೋವಾಬ

ಅಬೀಷೈ ತನ್ನ ಭರ್ಜಿಯಿಂದ ೩೦೦ ಮಂದಿಯನ್ನು ಗೆದ್ದವನು. ಬೆನಾಯನು ಹಿಮ ಬಿದ್ದ ದಿನದಲ್ಲಿ ಗುಂಡಿಗಿಳಿದು ಸಿಂಹವನ್ನು ಕೊಂದವನು. ಬರಿಯ ಕೋಲನ್ನು ಹಿಡಿದು ಹೋಗಿ ಐಗುಪ್ತ್ಯನೊಬ್ಬನ ಕೈಯಿಂದ ಭರ್ಜಿಯನ್ನು ಕಿತ್ತು ಅದರಿಂದಲೇ ಅವನನ್ನು ಕೊಂದವನು. ಅವನಿಗೆ ದೊರೆತ ಫಲವು ರಾಜನ ಮೈಗಾವಲಿನ ಅಧಿಪತ್ಯ. ಆದರೂ ಇವರಿಬ್ಬರೂ ಮೊದಲಿನ ಮೂವರಿಗೆ ಸಮಾನರಾಗಲಿಲ್ಲವೆಂದು ಗ್ರಂಥಕಾರನು ಸ್ಪಷ್ಟವಾಗಿ ಹೇಳಿರುವನು. ಸಿಂಹವನ್ನು ಕೊಂದವನಿಗಿಂತ ಕಾಳಿನ ಹೊಲದಲ್ಲಿ ನಿಂತವನು ಮೇಲೆಂಬ ಈ ತಾರತಮ್ಯವು ಮೇಲೆ ಹೇಳಿದ ಅಭಿಪ್ರಾಯವನ್ನು ಬಲಪಡಿಸುತ್ತದೆ.

ಮೂವತ್ತುಮಂದಿಯ ತಂಡದಲ್ಲಿ ಅಮ್ಮೋನಿಯನಾದ ಚೆಲೆಕನೂ, ಹಿತ್ತಿಯನಾದ ಊರೀಯನೂ ಇರುವರು. ಆದುದರಿಂದ ಕುಲವಾಗಲಿ ದೇಶವಾಗಲಿ ಪ್ರವೇಶಕ್ಕೆ ಅಡ್ಡಿಯಾಗಲಿಲ್ಲ. ಆದರೆ ಇರಲೇಬೇಕೆಂದು ನಾವು ನಿರೀಕ್ಷಿಸುವ ಹೆಸರೊಂದು ಇಲ್ಲ. ದಂಡನಾಯಕನಾದ ಯೋವಾಬನ ಸಹೋದರರೂ ಅವನ ಆಯುಧವಾಹಕನೂ ಪಟ್ಟಿಯಲ್ಲಿ ಸೇರಿದ್ದಾರೆ. ಯೋವಾಬನು ಅವರ ವಿಶೇಷಣದಲ್ಲಿ ಬರುತ್ತಾನೆಯೇ ಹೊರತು ತಾನೇ ಎಣಿಕೆಗೆ ಸೇರಿಲ್ಲ. ಒಟ್ಟು ಮೂವತ್ತೇಳೆಂದು ಕೊನೆಯಲ್ಲಿ ಹೇಳಿರುವ ಸಂಖ್ಯೆಯನ್ನು ಸರಿದೂಗಿಸಲು ಕೆಲವು ವ್ಯಾಖ್ಯಾನಕಾರರು ಅವನನ್ನು ಕೂಡಿಸುವರು. ಸೇನಾಪತಿಯು ಎಲ್ಲರಿಗೂ ಮೇಲಿನವನಾದ್ದರಿಂದ ಬೇರೆ ಹೆಸರಿಸಲಿಲ್ಲವೆಂದು ಸಮಾಧಾನ ಹೇಳುವುದೂ ಉಂಟು. ಆದರೆ ಯೋವಾಬನು ಅಬ್ನೇರನನ್ನೂ ಅಮಾಸನನ್ನೂ ಸ್ನೇಹದ ಸೋಗಿನಿಂದ ಸಮೀಪಿಸಿ ಇರಿದು ಕೊಂದವನು. ಯುದ್ಧದ ರಕ್ತವನ್ನು ಶಾಂತಿಕಾಲದಲ್ಲಿ ಸುರಿಸಿದನೆಂದು ದಾವೀದನೇ ಸಾಯುವಾಗ ಅವನ ಮೇಲೆ ಆರೋಪವನ್ನು ಹೊರಿಸಿದನು. ಗ್ರಂಥಕಾರನು ಕಾರಣವನ್ನು ಹೇಳಿಲ್ಲ. ಓದುಗನು ಆ ಮೌನವನ್ನು ಕೇಳದೆ ಇರಲಾರನು.

೮. ಕೊನೆಯ ಹೆಸರು

ಪಟ್ಟಿಯ ಕೊನೆಯ ಹೆಸರು ಹಿತ್ತಿಯನಾದ ಊರೀಯನದು. ಅವನ ಸಾಹಸವನ್ನು ಇಲ್ಲಿ ಹೇಳಿಲ್ಲ. ಹನ್ನೆರಡು ಅಧ್ಯಾಯಗಳ ಹಿಂದೆ ಅದನ್ನು ಹೇಳಿಯಾಗಿದೆ.

ರಾಜರು ಯುದ್ಧಕ್ಕೆ ಹೊರಡತಕ್ಕ ಋತುವಿನಲ್ಲಿ ದಾವೀದನು ಸೇನೆಯನ್ನು ಅಮ್ಮೋನಿಯರ ರಬ್ಬಕ್ಕೆ ಕಳುಹಿಸಿ ತಾನು ಯೆರೂಸಲೇಮಿನಲ್ಲಿ ಉಳಿದನು. ಊರೀಯನ ಹೆಂಡತಿಯಾದ ಬತ್ಷೆಬೆಯನ್ನು ಕರೆಸಿಕೊಂಡನು. ಅವಳು ಗರ್ಭಿಣಿಯಾದಳೆಂದು ತಿಳಿದಾಗ, ಸಂಗತಿಯನ್ನು ಮುಚ್ಚುವುದಕ್ಕಾಗಿ ಊರೀಯನನ್ನು ರಣದಿಂದ ಕರೆಸಿ ಮನೆಗೆ ಹೋಗೆಂದನು. ಊರೀಯನು ಹೋಗಲಿಲ್ಲ, ಅರಮನೆಯ ಬಾಗಿಲಿನಲ್ಲಿ ಸೇವಕರೊಡನೆ ಮಲಗಿದನು. ದೇವರ ಮಂಜೂಷವೂ ಸೈನ್ಯವೂ ಡೇರೆಗಳಲ್ಲಿರುವಾಗ, ಒಡೆಯನಾದ ಯೋವಾಬನು ಬಯಲಿನಲ್ಲಿ ಇಳಿದಿರುವಾಗ, ತಾನು ಮನೆಯ ಸುಖವನ್ನು ಅನುಭವಿಸತಕ್ಕುದಲ್ಲವೆಂಬುದು ಅವನು ಕೊಟ್ಟ ಕಾರಣ. ಮರುದಿನ ರಾಜನು ಅವನಿಗೆ ಮದ್ಯವನ್ನು ಕುಡಿಸಿದರೂ ಅವನು ಮನೆಗೆ ಹೋಗಲಿಲ್ಲ. ಬೇಳೆಹೊಲದ ನಡುವೆ ಶಮ್ಮನು ನಿಂತಂತೆ ಇವನು ಅರಮನೆಯ ಬಾಗಿಲಿನಲ್ಲಿ ನಿಂತನು. ಅಲ್ಲಿ ಎದುರಿದ್ದುದು ಫಿಲಿಷ್ಟಿಯರ ದಂಡು, ಇಲ್ಲಿ ಎದುರಿದ್ದುದು ತನ್ನ ರಾಜನ ಔದಾರ್ಯದ ಸೋಗು.

ಬಳಿಕ ದಾವೀದನು ಯೋವಾಬನಿಗೆ ಪತ್ರವನ್ನು ಬರೆದು ಊರೀಯನ ಕೈಯಲ್ಲಿಯೇ ಕಳುಹಿಸಿದನು. ಇವನನ್ನು ಘೋರವಾದ ಯುದ್ಧದ ಮುಂಭಾಗದಲ್ಲಿ ನಿಲ್ಲಿಸಿ, ಇವನ ಹಿಂದಿನಿಂದ ನೀವು ಹಿಂತಿರುಗಿರಿ, ಇವನು ಸಾಯಲಿ ಎಂಬುದು ಅದರ ಒಕ್ಕಣೆಯ ತಾತ್ಪರ್ಯ. ಇಲ್ಲಿಯ ಮೂಲಶಬ್ದಗಳನ್ನು ನೋಡತಕ್ಕುದು. ಹಿಂತಿರುಗು ಎಂಬರ್ಥದ ‘ಶೂಬ್’ ಧಾತುವೂ, ಅವನ ಹಿಂದೆ ಎಂಬರ್ಥದ ಪದವೂ ಈ ಪತ್ರದಲ್ಲಿವೆ. ಎಲಿಯಾಜರನ ಕಥೆಯಲ್ಲಿ ಜನರು ಸುಲಿಯುವುದಕ್ಕಾಗಿ ಅವನ ಹಿಂದೆ ತಿರುಗಿಬಂದರೆಂಬಲ್ಲಿಯೂ ಅದೇ ಧಾತು, ಅದೇ ಪದ. ಉದ್ದೇಶಪೂರ್ವಕವಾದ ಪ್ರಯೋಗವೆಂದು ಸಾಧಿಸುವುದು ನಮ್ಮ ಇಷ್ಟವಲ್ಲ. ಬಳಕೆಯ ಮಾತುಗಳೇ ಅವು. ಆದರೆ ಸನ್ನಿವೇಶದ ಸಾಮ್ಯವು ಸ್ಪಷ್ಟ. ಮೂವರಲ್ಲಿ ಇಬ್ಬರನ್ನು ವೀರರನ್ನಾಗಿ ಮಾಡಿದುದು ಜೊತೆಗಾರರು ಭಯದಿಂದ ಹಿಂದೆಗೆದ ಸನ್ನಿವೇಶ. ಅದೇ ಸನ್ನಿವೇಶವನ್ನು ಊರೀಯನಿಗೆ ರಾಜನು ಲೇಖನಿಯಿಂದ ನಿರ್ಮಿಸಿದನು. ನಿಲ್ಲುವುದೇ ಇವನ ಸ್ವಭಾವವೆಂದು ಚೆನ್ನಾಗಿ ಬಲ್ಲವನಾದ್ದರಿಂದಲೇ ಆ ಉಪಾಯವು ಅವನಿಗೆ ಹೊಳೆಯಿತು. ಗುಣವೇ ಕೊಲೆಯ ಸಾಧನವಾಯಿತು.

ಈಗ ಬಾವಿಯ ನೀರಿನ ತಕ್ಕಡಿಯನ್ನು ಜ್ಞಾಪಿಸಿಕೊಳ್ಳೋಣ. ಮೂವರು ಪ್ರಾಣವನ್ನು ಪಣವಾಗಿಟ್ಟು ತಂದ ನೀರನ್ನು ರಕ್ತವೆಂದು ಭಾವಿಸಿ ಕುಡಿಯದೆ ಹೋದವನೇ, ಮೂವತ್ತೇಳರಲ್ಲಿ ಒಬ್ಬನ ರಕ್ತವನ್ನು ತನ್ನ ಮರ್ಯಾದೆಯ ರಕ್ಷಣೆಗಾಗಿ ಚೆಲ್ಲಿದನು. ಪಟ್ಟಿಯು ಮೊದಲನೆಯದನ್ನು ಕಥೆಯಾಗಿ ಹೇಳಿ, ಎರಡನೆಯದನ್ನು ಬರಿಯ ಹೆಸರಾಗಿ ಕೊನೆಯಲ್ಲಿಡುತ್ತದೆ. ಬತ್ಷೆಬೆಯು ಎಲೀಯಾಮನ ಮಗಳೆಂದು ಹಿಂದಿನ ಕಥೆಯಲ್ಲಿದೆ. ಅಹೀತೋಫೆಲನ ಮಗನಾದ ಎಲೀಯಾಮನೆಂಬವನು ಈ ಪಟ್ಟಿಯಲ್ಲಿಯೂ ಇರುವನು. ಇಬ್ಬರೂ ಒಬ್ಬನೇ ಆದಲ್ಲಿ ರಾಜನು ಇಬ್ಬರು ವೀರರ ಮನೆಗಳನ್ನು ಕೆಡಿಸಿದಂತಾಯಿತು. ಮುಂದೆ ಅಬ್ಷಾಲೋಮನ ದಂಗೆಯಲ್ಲಿ ಮಂತ್ರಿಯಾದ ಅಹೀತೋಫೆಲನು ರಾಜನಿಗೆ ತಿರುಗಿಬಿದ್ದುದಕ್ಕೂ ಕಾರಣವು ದೊರೆತಂತಾಗುವುದು.

೯. ಎರಡು ಪಾಠಗಳ ಹೋಲಿಕೆ

ಊರೀಯನ ಹೆಸರು ಕೊನೆಯಲ್ಲಿರುವುದು ಆಕಸ್ಮಿಕವಲ್ಲವೆ ಎಂಬ ಆಕ್ಷೇಪಕ್ಕೆ ಎರಡು ಗ್ರಂಥಗಳ ಹೋಲಿಕೆಯಿಂದ ಉತ್ತರವು ದೊರೆಯುವುದು. ಪೂರ್ವಕಾಲವೃತ್ತಾಂತದಲ್ಲಿ ಊರೀಯನ ಬಳಿಕ ಇನ್ನೂ ೧೬ ಹೆಸರುಗಳಿವೆ; ಅಲ್ಲಿ ಅವನು ಅನೇಕರಲ್ಲಿ ಒಬ್ಬನು. ಆ ಗ್ರಂಥವು ಬತ್ಷೆಬೆಯ ಪ್ರಸಂಗವನ್ನು ಹೇಳುವುದೇ ಇಲ್ಲ. ರಬ್ಬದ ಮುತ್ತಿಗೆಯನ್ನು ಹೇಳಿ, ದಾವೀದನು ಯೆರೂಸಲೇಮಿನಲ್ಲಿ ಉಳಿದನೆಂದು ತಿಳಿಸಿ, ಉಳಿದುದನ್ನು ಬಿಟ್ಟುಬಿಡುತ್ತದೆ. ಅಲ್ಲದೆ ಪಟ್ಟಿಯನ್ನು ದಾವೀದನ ಪಟ್ಟಾಭಿಷೇಕದ ಬಳಿಯಲ್ಲಿಟ್ಟು ರಾಜ್ಯಸ್ಥಾಪನೆಯ ಮಂಗಳಪ್ರಕರಣವನ್ನಾಗಿ ಮಾಡಿದೆ. ಸಮುವೇಲಗ್ರಂಥದಲ್ಲಾದರೋ ಪಟ್ಟಿಯು ಆಳಿಕೆಯ ಅಂತ್ಯದಲ್ಲಿ, ದಾವೀದನ ಕೊನೆಯ ಮಾತುಗಳೆಂಬ ಗೀತದ ಬೆನ್ನಿಗೇ ಬರುತ್ತದೆ. ನ್ಯಾಯದಿಂದ ಆಳುವ ರಾಜನು ಮೋಡವಿಲ್ಲದ ಬೆಳಗಿನಂತಿರುವನೆಂಬ ಭಾವದ ಆ ಗೀತವು ಮುಗಿದ ಮೇಲೆ ಪಟ್ಟಿಯು ಮೊದಲಾಗ, ಊರೀಯನ ಹೆಸರಿನಿಂದ ಮುಗಿಯುತ್ತದೆ. ಕ್ರಮವನ್ನು ಯಾರು ಕಟ್ಟಿದರೂ ಇದರ ಧ್ವನಿಯು ಸಹೃದಯರಿಗೆ ಮರೆಯಾಗದು. ಅರಸುಗಳ ಮೊದಲನೆಯ ಗ್ರಂಥವು ದಾವೀದನನ್ನು ಹೊಗಳುವಾಗ ಊರೀಯನ ವಿಷಯವೊಂದರ ಹೊರತಾಗಿ ಎಂಬ ವಿನಾಯಿತಿಯನ್ನು ಹೆಸರುಹಿಡಿದೇ ಹೇಳಿದೆ.

ಪಟ್ಟಿಯ ಮರುಪುಟದಲ್ಲಿಯೇ ದಾವೀದನು ತನ್ನ ಯೋಧರನ್ನು ಲೆಕ್ಕಹಾಕಿಸಿದ ಕಥೆಯಿದೆ. ಯೋವಾಬನು ಬೇಡವೆಂದರೂ ಎಣಿಕೆ ನಡೆಯಿತು: ಇಸ್ರಾಯೇಲಿನಲ್ಲಿ ೮,೦೦,೦೦೦, ಯೆಹೂದದಲ್ಲಿ ೫,೦೦,೦೦೦ ಮಂದಿ ಕತ್ತಿಹಿಡಿಯುವವರು. ಈ ಎಣಿಕೆಯೇ ಪಾಪವಾಗಿ ಪರಿಣಮಿಸಿ ದೇಶದಲ್ಲಿ ಮಾರಿಯು ಹಬ್ಬಿತೆಂದು ಗ್ರಂಥವು ಹೇಳುತ್ತದೆ. ಮೂವತ್ತೇಳು ಮಂದಿಯನ್ನು ಹೆಸರಿನಿಂದ ಸ್ಮರಿಸಿದುದು ಪುಣ್ಯಕೀರ್ತನೆ. ಹದಿಮೂರು ಲಕ್ಷವನ್ನು ಸಂಖ್ಯೆಯಾಗಿ ಎಣಿಸಿದುದು ಅಪರಾಧ. ಹೆಸರುಳ್ಳವನಾಗಿ ಕಂಡ ಯೋಧನನ್ನು ಸಂಖ್ಯೆಯಾಗಿ ಕಾಣತೊಡಗಿದಾಗ ರಾಜನು ಬಾವಿಯ ನೀರನ್ನು ಮರೆತನೆಂದೇ ಅರ್ಥ.

೧೦. ಉಪಸಂಹಾರ

ಮೇಲೆ ಹೇಳಿದುದನ್ನು ಸಂಗ್ರಹಿಸಿದರೆ ಹೀಗಾಗುವುದು. ಹೀಬ್ರೂ ಧರ್ಮಗ್ರಂಥಗಳಲ್ಲಿ ವೀರಶಬ್ದವು ಬಲವನ್ನು ಹೇಳುತ್ತದೆ. ವೀರರ ಕಥೆಗಳು ಧೃತಿಯನ್ನು ಹೇಳುತ್ತವೆ. ಕೌಶಲ, ವೇಗ, ವಾಕ್ಪಟುತೆ, ಕಾಲಜ್ಞಾನಗಳು ಅಂಗಗಳು. ಇತರರು ಬಿಟ್ಟ ಎಡೆಯನ್ನು ಬಿಡದಿರುವುದು ಅಂಗಿ. ಮುಂದಿನ ಕಾಲದಲ್ಲಿ ಇದೇ ಪರಂಪರೆಯ ಜ್ಞಾನೋಕ್ತಿಗಳ ಗ್ರಂಥವು ಕೋಪವನ್ನು ತಡೆಯುವವನು ಗಿಬ್ಬೋರನಿಗಿಂತ ಮೇಲೆಂದಿತು. ಯೆಹೂದ್ಯರ ಸ್ಮೃತಿಗ್ರಂಥವಾದ ಮಿಷ್ನಾದಲ್ಲಿ ಬೆನ್ ಜೋಮಾ ಎಂಬ ಆಚಾರ್ಯನು ತನ್ನ ದುಷ್ಟಪ್ರವೃತ್ತಿಯನ್ನು ಗೆಲ್ಲುವವನೇ ಗಿಬ್ಬೋರನೆಂದು ನಿರ್ವಚನಮಾಡಿದನು. ಇದು ಯುದ್ಧವೀರವನ್ನು ತಳ್ಳಿ ಧರ್ಮವೀರವನ್ನು ಸ್ಥಾಪಿಸಿದ ಹೊಸ ಮಾತೆಂದು ಕೆಲವರು ತಿಳಿಯುವರು. ಆದರೆ ಅರಮನೆಯ ಬಾಗಿಲಿನಲ್ಲಿ ಎರಡು ರಾತ್ರಿ ಮಲಗಿದ ಊರೀಯನಲ್ಲಿ ಆ ಮಾತಿನ ಬೀಜವು ಆಗಲೇ ಇದ್ದಿತು. ರಣರಂಗದ ಧೃತಿ ಬೇರೆ, ಮನಸ್ಸಿನ ಧೃತಿ ಬೇರೆ ಎಂದು ಆ ಯೋಧನು ಬಗೆಯಲಿಲ್ಲ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಪಟ್ಟಿಯಿಂದ ಒಂದು ಪ್ರಯೋಜನವುಂಟು. ವೀರರ ನಾಮಾವಳಿಗಳು ರಾಜನ ಕೀರ್ತಿಗಾಗಿ ರಚಿತವಾಗುವುದು ಎಲ್ಲ ದೇಶಗಳ ವಾಡಿಕೆ. ಇಲ್ಲಿ ಆ ವಾಡಿಕೆಯನ್ನು ಅನುಸರಿಸಿಯೇ, ಒಂದೇ ಒಂದು ಹೆಸರಿನ ಸ್ಥಾನದಿಂದ, ರಾಜನ ಅಪಕೀರ್ತಿಯನ್ನೂ ಅಳಿಯದಂತೆ ಬರೆದಿಟ್ಟಿದೆ. ಊರೀಯನನ್ನು ಕೊಲ್ಲಿಸಿದ ರಾಜನಿಗೆ ಅವನ ಹೆಸರನ್ನು ತನ್ನ ವೀರರ ಪಟ್ಟಿಯಿಂದ ತೆಗೆದುಹಾಕಿಸಲು ಆಗಲಿಲ್ಲ. ಆ ಗ್ರಂಥವನ್ನು ಕಾಪಾಡಿದ ಜನರೂ ತೆಗೆಯಲಿಲ್ಲ. ಉಳಿದವರು ಹಿಂತಿರುಗಿದ ಮೇಲೂ ಆ ಹೆಸರು ತನ್ನ ಎಡೆಯಲ್ಲಿಯೇ ನಿಂತಿದೆ.